ಊರಿನ ಕಣಜ, ನಾಡಿನ ಕಣಜ

ಕೇಳುಗರಿಗೆ ನಮಸ್ಕಾರ.

2023ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗಾಗಿ ಕರ್ನಾಟಕವು ಹಲವು ರಾಜ್ಯಗಳ ಬಾಗಿಲು ತಟ್ಟಿದ್ದು ನಿಮಗೆ ನೆನಪಿರಬಹುದು. ಬೇಕಾದಷ್ಟು ಅಕ್ಕಿ ಒದಗಲಿಲ್ಲ. ಜುಲೈ ತಿಂಗಳಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಫಲಾನುಭವಿಗಳ ಖಾತೆಗೆ ಹಾಕಲಾಯಿತು. ಆ ತೀರ್ಮಾನಗಳ ರಾಜಕೀಯಕ್ಕೆ ನಾನು ಹೋಗುವುದಿಲ್ಲ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ನಾಡು, ಉತ್ತರದ ಬಯಲಿನ ತುಂಬ ಬಿಳಿಜೋಳ ಬಿತ್ತುವ ನಾಡು, ತನ್ನ ಬಡವರ ಪಾಲಿನ ಕಾಳಿಗಾಗಿ ದೂರದ ಗೋದಾಮುಗಳ ಕಡೆಗೆ ನೋಡಬೇಕಾಯಿತಲ್ಲ ಎಂಬ ಸಂಗತಿ ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ದೊಡ್ಡ ಗೋದಾಮುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅರವತ್ತರ ದಶಕದಲ್ಲಿ ಅಮೆರಿಕದ ಗೋಧಿ ಹಡಗುಗಳಿಗಾಗಿ ಕಾದ ದೇಶ ನಮ್ಮದು. 1965ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರ ನಿಗಮ ಮತ್ತು ಅದರ ಹಿಂದೆಯೇ ಬಂದ ಹಸಿರು ಕ್ರಾಂತಿ ಆ ಅವಮಾನವನ್ನು ಕಳೆದವು. ಆದರೆ ಸರ್ಕಾರದ ಖರೀದಿ ಅಕ್ಕಿ ಮತ್ತು ಗೋಧಿಗೆ ಒಲಿದಂತೆಲ್ಲ ಮಳೆಯಾಶ್ರಿತ ಹೊಲದ ರಾಗಿ, ಸಜ್ಜೆ, ನವಣೆ, ಸಾಮೆಗಳು ಹಿಂದೆ ಸರಿದವು. ನೀರಾವರಿಯ ಭಾಗ್ಯವಿಲ್ಲದ ರೈತ ತನ್ನ ಹೊಲವನ್ನು ಬೀಳುಬಿಟ್ಟು, ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಸಾಲಿನಲ್ಲಿ ನಿಲ್ಲುವಂತಾಯಿತು.

ಈ ಸುಳಿಯಿಂದ ಹೊರಬರುವ ದಾರಿಯನ್ನು ಬೀದರ್ ಜಿಲ್ಲೆಯ ಗಡಿ ದಾಟಿದರೆ ಸಿಗುವ ತೆಲಂಗಾಣದ ಜಹೀರಾಬಾದ್ ಸೀಮೆಯ ದಲಿತ ಮಹಿಳೆಯರು ತೊಂಬತ್ತರ ದಶಕದಲ್ಲೇ ಕಂಡುಕೊಂಡಿದ್ದರು. ಆ ಮಹಿಳೆಯರ ಜೊತೆ ದುಡಿದ, ಅಲ್ಲಿ 1983ರಲ್ಲಿ ಆರಂಭವಾದ ಸ್ವಯಂಸೇವಾ ಸಂಸ್ಥೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚ್‌ನಲ್ಲಿ ನಮ್ಮನ್ನು ಅಗಲಿದರು. ಬಾನುಲಿಯ ಕೇಳುಗರಾದ ನಿಮಗೆ ಇನ್ನೊಂದು ಮಾತು ಹೇಳಲೇಬೇಕು: ಆ ಮಹಿಳೆಯರು 2008ರಿಂದ ತಮ್ಮದೇ ಸಮುದಾಯ ಬಾನುಲಿ ಕೇಂದ್ರವನ್ನೂ ನಡೆಸಿದ್ದಾರೆ, ಬೀಜ ಮತ್ತು ಬೆಳೆಯ ಮಾತನ್ನು ತಮ್ಮ ಆಡುನುಡಿಯಲ್ಲೇ ಪ್ರಸಾರ ಮಾಡಿದ್ದಾರೆ.

ಅವರು ಕಟ್ಟಿದ ಸಮುದಾಯ ಧಾನ್ಯ ನಿಧಿಯ ಬಗೆ ಹೀಗಿತ್ತು. ಬೀಳುಬಿದ್ದ ಹೊಲವಿರುವ ಸಣ್ಣ ರೈತರಿಗೆ ಉಳುಮೆಗೆ, ಗೊಬ್ಬರಕ್ಕೆ, ಬಿತ್ತನೆಗೆ ಮುಂಗಡ ಹಣ ಸಿಗುತ್ತಿತ್ತು, ಆ ಹಣಕ್ಕೆ ಕೇಂದ್ರ ಸರ್ಕಾರದ ನೆರವಿತ್ತು. ರೈತರು ಸಾಲವನ್ನು ಹಣದಲ್ಲಿ ತೀರಿಸುವಂತಿರಲಿಲ್ಲ. ಕೆಲವು ವರ್ಷಗಳ ಕಾಲ ಕಂತುಕಂತಾಗಿ ಜೋಳವನ್ನೇ ಅಳೆದು ಕೊಡಬೇಕಿತ್ತು. ಆ ಜೋಳ ಲಾರಿ ಹತ್ತಿ ಎಲ್ಲಿಗೂ ಹೋಗದೆ ಅದೇ ಊರಿನಲ್ಲಿ ಉಳಿಯುತ್ತಿತ್ತು, ಮನೆಮನೆಯ ಕಾಳು ಬರಿದಾಗುವ ಮಳೆಗಾಲದ ತಿಂಗಳುಗಳಲ್ಲಿ ಊರಿನ ಬಡವರಿಗೆ ಅಗ್ಗದ ದರದಲ್ಲಿ ಸಿಗುತ್ತಿತ್ತು. ಯಾರು ಬಡವರು ಎಂಬುದನ್ನು ಗೊತ್ತುಮಾಡಲು ಕಚೇರಿಯ ಪಟ್ಟಿ ಬರಬೇಕಾಗಿರಲಿಲ್ಲ. ಊರವರೆಲ್ಲ ಸೇರಿ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಒಂದೊಂದು ಮನೆಯ ಕಷ್ಟವನ್ನು ಎಲ್ಲರೆದುರು ತೂಗಿ ನಿರ್ಧರಿಸುತ್ತಿದ್ದರು. ಬಯಲಿನಲ್ಲಿ ನಡೆಯುವ ಈ ಎಣಿಕೆಯಲ್ಲಿ ಇಲ್ಲದ ಬಡತನವನ್ನು ತೋರಿಸುವುದು ಕಷ್ಟ, ಇರುವ ಹಸಿವನ್ನು ಮರೆಮಾಚುವುದು ಇನ್ನೂ ಕಷ್ಟ. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಅಮೂಲ್ಯವಾಗಿ ಕಾಣುವುದು ಇದೇ. ಬೀಜವೂ ಹಾಗೆಯೇ ಊರಿನದಾಯಿತು: ಬೂದಿ, ಬೇವಿನ ಸೊಪ್ಪು ಬೆರೆಸಿ ಕಾಪಾಡಿದ ಬೀಜವನ್ನು ಕಡ ಪಡೆದವರು ಸುಗ್ಗಿಯ ನಂತರ ಹೆಚ್ಚಿಗೆ ಅಳೆದು ಹಿಂದಿರುಗಿಸಿದರು; ಸಂಕ್ರಾಂತಿಯಿಂದ ಸುಮಾರು ಒಂದು ತಿಂಗಳು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಆ ಬೀಜಗಳ ಮೆರವಣಿಗೆ ಊರೂರು ಸುತ್ತುತ್ತಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಸಂದಿತು.

ಊರಿನ ಸಂಘಟನೆಯೊಂದೇ ರಾಷ್ಟ್ರದ ಹಸಿವನ್ನು ನೀಗಿಸಲಾರದು. ಎರಡು ವರ್ಷ ಮಳೆ ಕೈಕೊಟ್ಟರೆ ಊರಿನ ಕಣಜ ಬರಿದಾಗುತ್ತದೆ, ಆಗ ನಾಡಿನ ಕಣಜ ಅದರ ಬೆನ್ನಿಗೆ ನಿಲ್ಲಬೇಕು. ಅದಕ್ಕೆ ಕಾನೂನಿನಲ್ಲಿ ಎಡೆ ಈಗಾಗಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಕ್ಕಿ, ಗೋಧಿಯ ಜೊತೆಗೆ ರಾಗಿ, ಜೋಳದಂಥ ಒರಟು ಧಾನ್ಯಗಳನ್ನೂ ಹೆಸರಿಸಿದೆ. ಅವುಗಳ ವಿಕೇಂದ್ರೀಕೃತ ಖರೀದಿಗೆ ಉತ್ತೇಜನ ನೀಡಬೇಕೆಂದು ಹೇಳಿದೆ. ನ್ಯಾಯಬೆಲೆ ಅಂಗಡಿಗಳ ಪರವಾನಗಿಯಲ್ಲಿ ಪಂಚಾಯಿತಿ, ಸ್ವಸಹಾಯ ಸಂಘ, ಸಹಕಾರ ಸಂಘಗಳಿಗೆ ಆದ್ಯತೆ ಇರಬೇಕೆಂದೂ, ಅವುಗಳ ನಿರ್ವಹಣೆ ಮಹಿಳೆಯರ ಕೈಯಲ್ಲಿರಬೇಕೆಂದೂ ಬಯಸಿದೆ. ಒಡಿಶಾ 2017ರಿಂದ ತನ್ನ ಸಿರಿಧಾನ್ಯ ಅಭಿಯಾನದಲ್ಲಿ ಈ ದಾರಿಯನ್ನೇ ಹಿಡಿದು, ಆದಿವಾಸಿ ರೈತರಿಂದ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರಕ್ಕೆ ಕೊಟ್ಟಿತು. ಕೆಂದುಝರ್ ಜಿಲ್ಲೆಯ ಅಂಗನವಾಡಿಗಳಲ್ಲಿ ಮಕ್ಕಳ ಕೈಗೆ ರಾಗಿ ಲಡ್ಡು ಬಂದಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇದೆ ಎಂಬುದನ್ನು ನೆನೆದರೆ, ಆ ಲಡ್ಡುವಿನ ಬೆಲೆ ತಿಳಿಯುತ್ತದೆ.

ಕರ್ನಾಟಕವೂ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ಪಡಿತರದಲ್ಲಿ ಹಂಚುತ್ತಾ ಬಂದಿದೆ. ತೊಡಕು ಇರುವುದು ಕಾಲದಲ್ಲಿ. ಕಾರ್ತೀಕದ ಹೊತ್ತಿಗೆ ಕೊಯ್ಲು ಮುಗಿದು ಕಣದಲ್ಲಿ ಮೆದೆ ಒಟ್ಟಿದ ಸಣ್ಣ ರೈತನಿಗೆ ಸಾಲ ಮತ್ತು ಕೂಲಿಯ ಲೆಕ್ಕ ಅಂದೇ ಚುಕ್ತಾ ಆಗಬೇಕು. ಖರೀದಿ ಕೇಂದ್ರ ತೆರೆದು, ನೋಂದಣಿ ಮುಗಿದು, ಹಣ ಖಾತೆಗೆ ಬರುವವರೆಗೆ ಕಾಯುವ ಶಕ್ತಿಯಿಲ್ಲದ ಆತ ಸಿಕ್ಕ ಬೆಲೆಗೆ ವ್ಯಾಪಾರಿಗೆ ಕೊಟ್ಟುಬಿಡುತ್ತಾನೆ. ಬೆಂಬಲ ಬೆಲೆ ಯಾರಿಗಾಗಿ ಹುಟ್ಟಿತೋ ಅವನನ್ನೇ ಅದು ಮುಟ್ಟುವುದಿಲ್ಲ. ಗ್ರಾಮದ ಕೃಷಿ ಪತ್ತಿನ ಸಹಕಾರ ಸಂಘವೋ ಮಹಿಳಾ ಸಂಘವೋ ಒಕ್ಕಣೆಯ ವಾರದಲ್ಲೇ ಮುಂಗಡ ಕೊಟ್ಟು ಕಾಳನ್ನು ಅಳೆದುಕೊಂಡು, ಅದೇ ಹೋಬಳಿಯ ಉಗ್ರಾಣದಲ್ಲಿಟ್ಟು, ಅದೇ ಹೋಬಳಿಯ ನ್ಯಾಯಬೆಲೆ ಅಂಗಡಿಗಳಿಗೂ ವಸತಿ ನಿಲಯಗಳಿಗೂ ಕೊಡುವ ಏರ್ಪಾಡಾದರೆ, ಸಾಗಣೆಯ ಖರ್ಚು ತಗ್ಗುತ್ತದೆ, ಬಡವರ ಮುದ್ದೆಗೆ ತಮ್ಮ ಸೀಮೆಯ ರಾಗಿಯೇ ಸಿಗುತ್ತದೆ. ಒಣಗಿಸಿಟ್ಟ ರಾಗಿಗೆ ಹುಳುವಿನ ಕಾಟ ಕಡಿಮೆ. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಅದನ್ನು ವರ್ಷಗಟ್ಟಲೆ ಕಾಪಾಡಿ, ಬರ ಬಂದಾಗ ಬಾಯಿ ತೆಗೆಯುತ್ತಿದ್ದರು. ಸರ್ಕಾರದ ಹಣವಿರಲಿ, ಬೀಗದ ಕೈ ಊರಿನ ಸಂಘದ ಬಳಿ ಇರಲಿ.

ಕೃಷಿ ಇಲಾಖೆಯಲ್ಲಿಯೂ ಒಂದು ಬದಲಾವಣೆ ಆಗಬೇಕು. ರಾಗಿ ಹೊಲದಲ್ಲಿ ನಡುನಡುವೆ ಮಿಶ್ರಬೆಳೆಯ ಅಕ್ಕಡಿ ಸಾಲಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿತ್ತಿದ ರೈತನ ಇಳುವರಿಯನ್ನು ನಾವು ಎಕರೆಗೆ ಎಷ್ಟು ಕ್ವಿಂಟಲ್ ರಾಗಿ ಎಂದಷ್ಟೇ ಕೇಳುತ್ತೇವೆ. ಮುದ್ದೆಯ ಜೊತೆಗಿನ ಸಾರಿನ ಬೇಳೆ, ಚಟ್ನಿಪುಡಿಯ ಹುಚ್ಚೆಳ್ಳು, ಹಟ್ಟಿಯ ದನಗಳ ಮೇವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೀಗಾಗಿ ಒಂದೇ ಬೆಳೆಯ ಹೊಲ ಕಾಗದದ ಮೇಲೆ ಯಾವಾಗಲೂ ಗೆಲ್ಲುತ್ತದೆ. ಮುಂದಿನ ಮುಂಗಾರಿನ ಬೆಳೆ ಸಮೀಕ್ಷೆಗೆ ಹೊರಡುವವರು ಆ ಅಕ್ಕಡಿ ಸಾಲುಗಳನ್ನೂ ಎಣಿಸಿಕೊಂಡು ಬರಲಿ.