ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ

ಶ್ರೋತೃಗಳಿಗೆ ನಮಸ್ಕಾರ.

ಮಂಜೇಶ್ವರದಿಂದ ಮುಳ್ಳೇರಿಯದ ತನಕ ನಮ್ಮ ಕಾಸರಗೋಡಿನ ಕನ್ನಡದ ಮನೆಗಳ ಕಪಾಟಿನಲ್ಲಿ, ಶಾಲೆಯ ಆಫೀಸಿನಲ್ಲಿ, ಹಳೆಯ ಡಿಟಿಪಿ ಅಂಗಡಿಗಳ ಮೇಜಿನ ಖಾನೆಯಲ್ಲಿ ಇವತ್ತಿಗೂ ಫ್ಲಾಪಿಗಳು, ಅಂದರೆ ಹಿಂದೆ ಕಂಪ್ಯೂಟರಿನ ಕಡತ ಉಳಿಸಿಡುತ್ತಿದ್ದ ಚೌಕದ ತೆಳು ಡಿಸ್ಕುಗಳು, ಉಂಟು. ಬ್ರಹ್ಮಕಲಶದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕೋತ್ಸವದ ಲೇಖನ, ತಾಳಮದ್ದಳೆಗೆ ಯಾರೋ ಹಿರಿಯರು ಬರೆದಿಟ್ಟ ಅರ್ಥದ ಟಿಪ್ಪಣಿ, ಮನೆತನದ ವಂಶವೃಕ್ಷ, ಹೀಗೆ ಬೇರೆಲ್ಲೂ ಪ್ರತಿ ಇಲ್ಲದ ಬರಹಗಳು ಅವುಗಳಲ್ಲಿ ಕೂತಿವೆ. ಅಂಥ ಫ್ಲಾಪಿ ಇಟ್ಟುಕೊಂಡವರಿಗಾಗಿಯೇ ನಾನು ಇವತ್ತು ಮಾತಾಡುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಮಾತು. ಫ್ಲಾಪಿ ಹಾಕಿದಾಗ ಕಂಪ್ಯೂಟರ್, 'ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಹೊಸದಾಗಿ ಸಿದ್ಧಮಾಡುವುದು, ಒಳಗಿದ್ದದ್ದು ಅಳಿಸಿಹೋಗುತ್ತದೆ. ಬೇಡ ಎನ್ನಬೇಕಾದ್ದು ಯಾಕೆ ಅಂತ ಈಗ ವಿವರಿಸುತ್ತೇನೆ.

ನೀವು ಪೆನ್ ಡ್ರೈವ್ ಚುಚ್ಚಿದರೆ ಅದು ತನ್ನ ಹೆಸರು, ಕಂಪನಿ, ಅಳತೆ ಎಲ್ಲವನ್ನೂ ಕಂಪ್ಯೂಟರಿಗೆ ತಾನೇ ಹೇಳುತ್ತದೆ. ಹಾರ್ಡ್ ಡಿಸ್ಕೂ ಕೇಳಿದರೆ ಹೇಳುತ್ತದೆ. ಹಳೆಯ ಫ್ಲಾಪಿ ಡ್ರೈವ್ ಮಾತ್ರ ಹೇಳುವುದಿಲ್ಲ. ಅದಕ್ಕೆ ಹೋಗುವ ಬೂದು ಬಣ್ಣದ ಪಟ್ಟಿ ಕೇಬಲ್ಲಿನಲ್ಲಿ 34 ಎಳೆ. ಅದರಲ್ಲಿ ಅರ್ಧ ಬರೀ ಗ್ರೌಂಡ್. ಉಳಿದ ಎಳೆಗಳಲ್ಲಿ ಹೋಗಿಬರುವುದು ಮೋಟರ್ ತಿರುಗಿಸು, ಓದುವ ಬರೆಯುವ ಹೆಡ್ಡನ್ನು ಒಂದು ಹೆಜ್ಜೆ ಸರಿಸು, ಮೇಲಿನ ಬದಿ ಓದು ಎಂಬಂಥ ಚುಟುಕು ಆಜ್ಞೆಗಳು, ಸೊನ್ನೆಯ ಟ್ರ್ಯಾಕಿಗೆ, ಅಂದರೆ ಡಿಸ್ಕಿನ ಮೊದಲ ಸುತ್ತಿಗೆ ಬಂದಿದ್ದೇನೆ, ಬರೆಯದಂತೆ ಬೀಗ ಹಾಕಿದೆ, ಡಿಸ್ಕ್ ಬದಲಾಗಿದೆ ಎಂಬಂಥ ಚುಟುಕು ಉತ್ತರಗಳು, ಮತ್ತೆ ಓದುವ ಬರೆಯುವ ಮಾಹಿತಿ. 'ನಾನು ಮೂರೂವರೆ ಇಂಚಿನ ಡ್ರೈವ್, ನನ್ನಲ್ಲಿ 1.44 ಎಂಬಿ ಹಿಡಿಯುತ್ತದೆ' ಎಂದು ಹೇಳಲು ಅದಕ್ಕೆ ಒಂದು ಎಳೆಯೂ ಇಲ್ಲ.

ಹಾಗಾದರೆ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ನಾವು ಹೇಳಿ ಕೊಡಬೇಕು. ಮದರ್‌ಬೋರ್ಡಿನಲ್ಲಿ ಬ್ಯಾಟರಿಯ ಮೇಲೆ ಬದುಕಿರುವ ಸಿಮಾಸ್ ಎಂಬ ಪುಟ್ಟ ನೆನಪು ಉಂಟು. ಅದರಲ್ಲಿ ಒಂದು ಬೈಟ್ ಫ್ಲಾಪಿಗೆ ಮೀಸಲು. ಅರ್ಧ ಬೈಟ್ ಎ ಎಂಬ ಮೊದಲ ಫ್ಲಾಪಿ ಡ್ರೈವಿಗೆ, ಅರ್ಧ ಬಿ ಎಂಬ ಎರಡನೆಯದಕ್ಕೆ. ಅಲ್ಲಿ 1 ಎಂದಿದ್ದರೆ 360 ಕೆಬಿಯ ಡ್ರೈವ್, 2 ಎಂದಿದ್ದರೆ 1.2 ಎಂಬಿ, 3 ಎಂದರೆ 720 ಕೆಬಿ, 4 ಎಂದರೆ 1.44 ಎಂಬಿ. ಇಷ್ಟೇ. ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯೋಸ್ ಎಂಬ ತಂತ್ರಾಂಶ ಅದನ್ನು ನೋಡುತ್ತದೆ, ಡಾಸ್ ಆಗಲಿ ವಿಂಡೋಸ್ ಆಗಲಿ ಬಯೋಸ್ ಹೇಳಿದ್ದನ್ನು ನಂಬುತ್ತದೆ. ನೀವು ತಪ್ಪು ಹೇಳಿಟ್ಟರೆ ತಪ್ಪನ್ನೇ ನಂಬುತ್ತದೆ.

ಫ್ಲಾಪಿ ಹಾಕಿ ಎ ಡ್ರೈವನ್ನು ತೆರೆದರೆ ಒಳಗೆ ಏನಾಗುತ್ತದೆ ಕೇಳಿ. ಡ್ರೈವ್ ಎಂಬುದು ರಂಗಸ್ಥಳದ ವೇಷ, ಆಪರೇಟಿಂಗ್ ಸಿಸ್ಟಮ್ ಭಾಗವತರು. ಭಾಗವತರ ಪದ ಏಳದೆ ವೇಷ ಒಂದು ಹೆಜ್ಜೆಯನ್ನೂ ಹಾಕುವುದಿಲ್ಲ. ಮೊದಲು ಮೋಟರ್ ತಿರುಗಲಿ ಎಂಬ ಆಜ್ಞೆ. ಅದು ಸರಿಯಾದ ವೇಗಕ್ಕೆ ಬರಲು ಅರ್ಧ ಸೆಕೆಂಡಿನಷ್ಟು ಕಾಯಬೇಕು. ಆ ವೇಗ ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 5. ಆಮೇಲೆ ಹೆಡ್ ಸೊನ್ನೆಯ ಟ್ರ್ಯಾಕಿಗೆ ಹಿಂದೆ ಬರಬೇಕು, ಯಾಕೆಂದರೆ ಅದು ಎಲ್ಲಿ ನಿಂತಿದೆ ಎಂಬುದೂ ಯಾರಿಗೂ ಗೊತ್ತಿರುವುದಿಲ್ಲ. 'ಕರ್ರ್' ಎಂಬ ಶಬ್ದ ಕೇಳಿದ್ದೀರಲ್ಲ, ಅದು ಇದೇ.

ಇಲ್ಲಿ ನನಗೆ ಬಹಳ ಇಷ್ಟದ ಒಂದು ಸಂಗತಿ ಉಂಟು. ಈ ಡ್ರೈವನ್ನು ನಡೆಸುವ ಚಿಪ್ಪಿನ ಮೂಲ ಜಪಾನಿನ ಎನ್‌ಇಸಿ ಕಂಪನಿಯ 765. ಹಿಂದೆ ಬಾ ಎಂದರೆ ಅದು ಹೆಚ್ಚೆಂದರೆ 77 ಹೆಜ್ಜೆ ಹಿಂದೆ ಸರಿಸಿ ನಿಲ್ಲಿಸಿಬಿಡುತ್ತದೆ. 8 ಇಂಚಿನ ಹಳೆಯ ಫ್ಲಾಪಿಯಲ್ಲಿ ಇದ್ದದ್ದು 77 ಟ್ರ್ಯಾಕ್. ನಮ್ಮ ಮೂರೂವರೆ ಇಂಚಿನದರಲ್ಲಿ 80. ಹೆಡ್ ತುದಿಯಲ್ಲಿ ನಿಂತಿದ್ದರೆ ಒಂದು ಆಜ್ಞೆ ಸಾಲದು, ಅದೇ ಆಜ್ಞೆಯನ್ನು ಎರಡನೇ ಸಲ ಕೊಡಬೇಕು. ಆಪರೇಟಿಂಗ್ ಸಿಸ್ಟಮ್ ಬರೆಯುವವರು ಇದನ್ನೆಲ್ಲ ನೆನಪಿಟ್ಟು ಬರೆಯಬೇಕಿತ್ತು. ಎಷ್ಟು ತಾಳ್ಮೆಯ ಕೆಲಸ ನೋಡಿ!

ಸೊನ್ನೆಗೆ ಬಂದ ಮೇಲೆ ಮೊತ್ತಮೊದಲ ಸೆಕ್ಟರ್, ಅಂದರೆ ಟ್ರ್ಯಾಕಿನ 512 ಬೈಟಿನ ಒಂದು ತುಂಡು, ಓದಿ ತರಬೇಕು. ಡಿಸ್ಕಿನಲ್ಲಿ ಎಷ್ಟು ಬದಿ, ಟ್ರ್ಯಾಕಿಗೆ ಎಷ್ಟು ಸೆಕ್ಟರ್ ಎಂದು ಅದರಲ್ಲೇ ಬರೆದಿರುತ್ತದೆ. 80 ಟ್ರ್ಯಾಕ್, 2 ಬದಿ, 18 ಸೆಕ್ಟರ್, 512 ಬೈಟ್. ಗುಣಿಸಿದರೆ 14,74,560 ಬೈಟ್. ಇದೇ ನಮ್ಮ 1.44 ಎಂಬಿ ಫ್ಲಾಪಿ. ಆ ಮೊದಲ ಸೆಕ್ಟರನ್ನು ಓದಲು ಆಗದೆ ಹೋದರೆ ಕಂಪ್ಯೂಟರ್ ಎಂತ ಹೇಳಬೇಕು? 'ನನಗೆ ಓದಲು ಆಗಲಿಲ್ಲ' ಎನ್ನಬೇಕು. ಅದು ಹಾಗೆ ಹೇಳುವುದಿಲ್ಲ. 'ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ?' ಎನ್ನುತ್ತದೆ. ಓದಲಾಗದ್ದಕ್ಕೆ ನೂರು ಕಾರಣ ಇರಬಹುದು. ಕಂಪ್ಯೂಟರಿಗೆ ತೋಚುವುದು ಆ ಒಂದೇ ಪ್ರಶ್ನೆ. ನೀವು ಬೇಡ ಎನ್ನಿ.

ನಾನು ಕಾಸರಗೋಡಿನಲ್ಲಿ ಕಂಪ್ಯೂಟರ್ ರಿಪೇರಿ ಕೆಲಸದಲ್ಲಿರುವವ. ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಮಾಷ್ಟ್ರೊಬ್ಬರು ಬದಿಯಡ್ಕದ ಆಚೆ ತೋಟದ ಮನೆಯಲ್ಲಿದ್ದಾರೆ. ಅವರು ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಫೋನ್ ಬಂತು. 'ನೋಡು, ಸ್ಮರಣ ಸಂಚಿಕೆಯ ಫ್ಲಾಪಿ ಹಾಕಿದ್ದೇವೆ. ಫಾರ್ಮ್ಯಾಟ್ ಮಾಡಲಾ ಅಂತ ಕೇಳ್ತದೆ. ಹೌದು ಒತ್ತಿದರೆ ಸರಿಯಾಗ್ತದೆ ಅಂತ ಮೊಮ್ಮಗ ಹೇಳ್ತಾನೆ. ಒತ್ತಲಿಕ್ಕೆ ಹೇಳಲಾ?' ನಾನು ಫೋನಿನಲ್ಲೇ ಜೋರು ದನಿ ತೆಗೆದೆ. 'ಬೇಡ ಮಾಷ್ಟ್ರೇ! ಅವನಿಗೆ ಮೌಸಿನಿಂದ ಕೈ ತೆಗೆಯಲು ಹೇಳಿ. ಫ್ಲಾಪಿ ಹೊರಗೆ ತೆಗೆದಿಡಿ. ನಾನೇ ಬರುತ್ತೇನೆ.'

ಅವರ ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರತಂದ ಸಂಚಿಕೆ ಅದು. ಅಚ್ಚಾದ ಪ್ರತಿಗಳು ಗೆದ್ದಲಿಗೆ ಹೋಗಿದ್ದವು. ಮಾಷ್ಟ್ರು ಸಂಪಾದಕರು. ಊರಿನ ಹಳೆಯ ಅರ್ಥಧಾರಿಗಳನ್ನು, ನಾಟಿ ವೈದ್ಯರನ್ನು, ದೈವದ ಚಾಕರಿಯವರನ್ನು ಮಾತಾಡಿಸಿ ಬರೆದುಕೊಂಡ ಲೇಖನಗಳು ಅದರಲ್ಲಿದ್ದವು. ಮಾತಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಮೇಜಿನ ಮೇಲೆ ಫ್ಲಾಪಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದರ ಚೀಟಿಯ ಮೇಲೂ ಕೆಂಪು ಶಾಯಿಯಲ್ಲಿ ಅವರದೇ ದುಂಡಕ್ಷರ: 'ಲೇಖನ, ಒಂದನೇ ಭಾಗ', 'ಚಿತ್ರಗಳ ಅಡಿಬರಹ', 'ಪ್ರೂಫ್ ನೋಡಿ ಆಯಿತು'.

ನಾನು ಮೊದಲು ಮಾಡಿದ್ದು ಕಂಪ್ಯೂಟರ್ ಮುಟ್ಟುವ ಕೆಲಸ ಅಲ್ಲ. ಪ್ರತಿ ಫ್ಲಾಪಿಯನ್ನೂ ಮಗುಚಿ ಹಾಕಿ, ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನು ಬಾಲ್ ಪೆನ್ನಿನ ತುದಿಯಿಂದ ಸರಿಸಿ, ತೂತಿನಿಂದ ಬೆಳಕು ಆಚೆ ಕಾಣುವ ಹಾಗೆ ಮಾಡಿದೆ. ತೂತು ತೆರೆದಿದ್ದರೆ ಡ್ರೈವ್ ಬರೆಯುವುದಿಲ್ಲ. ಯಾರಾದರೂ ತಪ್ಪಿ ಹೌದು ಒತ್ತಿದರೂ ಡಿಸ್ಕಿಗೆ ಏನೂ ಆಗುವುದಿಲ್ಲ. ಫ್ಲಾಪಿಯ ಎರಡನೇ ಮೂಲೆಯಲ್ಲಿ ಬಿಲ್ಲೆ ಇಲ್ಲದ ಇನ್ನೊಂದು ತೂತು ಉಂಟು. ಅದು 1.44 ಎಂಬಿಯ ಗುರುತು, ಅದನ್ನು ಮುಟ್ಟಬೇಡಿ.

ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಡಿಲೀಟ್ ಕೀ ಒತ್ತಿ ಸಿಮಾಸ್ ತುಂಬಿಸುವ ಸೆಟಪ್‌ಗೆ ಹೋದೆ. ನೀಲಿ ಪರದೆ ಬಂತು. ಎ ಡ್ರೈವಿನ ಎದುರು ನೋಡಿದರೆ 720 ಕೆ, ಮೂರೂವರೆ ಇಂಚು! ವಿಚಾರಿಸಿದಾಗ ಗೊತ್ತಾಯಿತು, ಸ್ವಲ್ಪ ದಿನದ ಹಿಂದೆ ಬ್ಯಾಟರಿ ಮುಗಿದು ಹೊಸತು ಹಾಕಿಸಿದ್ದರಂತೆ. ಬ್ಯಾಟರಿ ಸತ್ತರೆ ಸಿಮಾಸಿನ ನೆನಪು ಹೋಗುತ್ತದೆ, ಹಾಕಿದವರು ಎಲ್ಲವನ್ನೂ ಕೈಯಾರೆ ತುಂಬಿಸಬೇಕು. ಆ ಪಟ್ಟಿಯಲ್ಲಿ 720ರ ಪಕ್ಕದಲ್ಲೇ 1.44 ಇರುವುದು. ಒಂದು ಸಲ ಕೀ ಕಡಿಮೆ ಒತ್ತಿದ್ದಾರೆ, ಅಷ್ಟೇ.

ಅಷ್ಟರಿಂದ ಏನಾಯಿತು ನೋಡಿ. 1.44ರ ಫ್ಲಾಪಿಯಿಂದ ಸೆಕೆಂಡಿಗೆ 5 ಲಕ್ಷ ಬಿಟ್ ಬರುತ್ತವೆ. 720 ಎಂದು ನಂಬಿದ ಕಂಪ್ಯೂಟರ್ ಎರಡೂವರೆ ಲಕ್ಷದ ಲೆಕ್ಕದಲ್ಲಿ ಕಿವಿ ಕೊಡುತ್ತದೆ. ಕೇಳಿದ್ದು ಒಂದೂ ಅರ್ಥವಾಗುವುದಿಲ್ಲ. ಕೂಡಲೇ ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ. ಹೌದು ಎಂದಿದ್ದರೆ ಒಂದೊಂದೇ ಟ್ರ್ಯಾಕನ್ನು ಹೊಸದಾಗಿ ಗೀಚುತ್ತ ಹೋಗಿ ಮಾಷ್ಟ್ರ ಬರಹ ಪೂರ್ತಿ ಅಳಿಸಿಹೋಗುತ್ತಿತ್ತು. ಫ್ಲಾಪಿಯಲ್ಲಿ ಏನೂ ದೋಷ ಇರಲಿಲ್ಲ, ಕೇಳಿಸಿಕೊಳ್ಳುತ್ತಿದ್ದೀರಲ್ಲ? ಡ್ರೈವಿನಲ್ಲೂ ಇರಲಿಲ್ಲ. ಹೇಳಿಕೊಟ್ಟದ್ದು ತಪ್ಪಾಗಿತ್ತು.

1.44 ಎಂದು ಬದಲಿಸಿ, ಎಫ್ 10 ಒತ್ತಿ ಉಳಿಸಿದೆ. ಫ್ಲಾಪಿ ಹಾಕಿದೆ. ಹಸಿರು ದೀಪ ಹೊತ್ತಿತು, ಕರ್ರ್ ಎಂದಿತು, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಕಡತಗಳ ಪಟ್ಟಿ ಪರದೆಯ ಮೇಲೆ ಬಂತು. ಮಾಷ್ಟ್ರು ಕನ್ನಡಕ ಮೇಲೇರಿಸಿ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದರು. 'ಇದು ಅವರದ್ದು, ಕೃಷ್ಣನ ಅರ್ಥ ಹೇಳುತ್ತಿದ್ದರಲ್ಲ, ಅವರದ್ದು' ಎಂದು ಮೊಮ್ಮಗನಿಗೆ ತೋರಿಸಿದರು. ಒಂದು ಫ್ಲಾಪಿ ಮಾತ್ರ ಒಂದೇ ಜಾಗದಲ್ಲಿ ಕರ್ ಕರ್ ಎಂದು ತಡವರಿಸುತ್ತಿತ್ತು. ಓದಲಾಗದಿದ್ದರೆ ಆಪರೇಟಿಂಗ್ ಸಿಸ್ಟಮ್ ಮತ್ತೆ ಪ್ರಯತ್ನಿಸುತ್ತದೆ, ಆಗದಿದ್ದರೆ ಹೆಡ್ಡನ್ನು ಸೊನ್ನೆಗೆ ಕಳಿಸಿ ಮತ್ತೆ ಕರೆತರುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದ ಮೇಲೆ ಅದೂ ಬಂತು. ಮನೆಯಿಂದ ಹೊರಡುವಾಗ ಕತ್ತಲಾಗಿತ್ತು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಲಿನಕ್ಸ್ ಬಳಸುವವರೇ, ನಿಮ್ಮಲ್ಲಿ ಡ್ರೈವಿನ ಹೆಸರಿನಲ್ಲೇ ಅಳತೆ ಹೇಳಬಹುದು. ಎಫ್‌ಡಿ ಸೊನ್ನೆ ಯು 1440 ಎಂದರೆ ಒಂದು ಬಗೆ, ಯು 720 ಎಂದರೆ ಇನ್ನೊಂದು. ಕಡತಗಳನ್ನು ಬಿಡಿಬಿಡಿಯಾಗಿ ಎತ್ತುವ ಮೊದಲು ಇಡೀ ಡಿಸ್ಕನ್ನು ಒಂದೇ ಕಡತವಾಗಿ ನಕಲು ತೆಗೆದಿಡಿ, ಆ 14,74,560 ಬೈಟನ್ನೂ. ಆಮೇಲಿನ ಕೆಲಸವೆಲ್ಲ ನಕಲಿನ ಮೇಲೆ. ಆದರೆ ತಡಮಾಡಬೇಡಿ. 2019ರಲ್ಲಿ ಲಿನಕ್ಸನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಅದರಲ್ಲಿ ಫ್ಲಾಪಿ ನಡೆಸುವ ಡ್ರೈವರನ್ನು ನೋಡಿಕೊಳ್ಳುವವರಿಲ್ಲದ ತಂತ್ರಾಂಶ ಎಂದು ಗುರುತು ಹಾಕಿದರು. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಹೊಸ ಮದರ್‌ಬೋರ್ಡುಗಳಲ್ಲಿ ಆ 34 ಎಳೆಯ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ.

ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ನಡೆಸುವ ಚಿಪ್ ಅದರ ಹೊಟ್ಟೆಯಲ್ಲೇ ಇರುವುದರಿಂದ ಅದು ತನ್ನ ಪರಿಚಯ ತಾನೇ ಹೇಳುತ್ತದೆ, ಸೆಟಪ್ಪಿನ ತಲೆಬಿಸಿ ಇಲ್ಲ. ಹಾಗೆಂದು ಅದರಲ್ಲಿ ಫಾರ್ಮ್ಯಾಟ್ ಪ್ರಶ್ನೆ ಬಂದರೆ? ಆಗಲೂ ಬೇಡ ಎನ್ನಿ. ಐದೂಕಾಲು ಇಂಚಿನ ತೆಳ್ಳಗಿನ ಫ್ಲಾಪಿಗೆ ಅದು ಆಗುವುದಿಲ್ಲ, ಹಳೆಯ ಡ್ರೈವೇ ಬೇಕು. ಆ ಫ್ಲಾಪಿಯಲ್ಲಿ ಬೀಗ ಹಾಕುವ ಕ್ರಮ ತಿರುಗುಮುರುಗು: ಅಂಚಿನ ಕಚ್ಚನ್ನು ಬೆಳಕು ದಾಟದ ದಪ್ಪ ಟೇಪಿನಿಂದ ಮುಚ್ಚಬೇಕು.

ನಮ್ಮ ಊರಿನ ಮಳೆಗೆ ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ. ತಗಡಿನ ಮುಚ್ಚಳ ಸರಿಸಿ, ಒಳಗಿನ ಕಂದು ತಟ್ಟೆಯನ್ನು ನಡುವಿನ ಲೋಹದ ಬಿಲ್ಲೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಬಿಳಿ ಮಚ್ಚೆ ಕಂಡರೆ ಅದನ್ನು ಡ್ರೈವಿಗೆ ಹಾಕಲೇಬೇಡಿ. ಆ ಬೂಷ್ಟು ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಅಂಥದ್ದನ್ನು ಬೇರೆ ತೆಗೆದಿಟ್ಟು, ತಿಳಿದವರ ಕೈಯಲ್ಲಿ ಕೊಡಿ.

ಇನ್ನೊಂದು. ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಹಾಳಾಯಿತೆಂದು ಎಸೆಯಬೇಡಿ. ಅದು ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟಿನಲ್ಲಿ ಬರೆದದ್ದು. ನುಡಿ, ಬರಹದಂಥ ತಂತ್ರಾಂಶದ ಹಳೆಯ ಫಾಂಟ್ ಹಾಕಿದರೆ ಓದಬಹುದು, ಪರಿವರ್ತಕದಿಂದ ಯೂನಿಕೋಡಿಗೂ ತರಬಹುದು. ಯಾವ ಫಾಂಟ್ ಎಂದು ಆ ಕಾಲದಲ್ಲಿ ಟೈಪ್ ಮಾಡಿದವರನ್ನು ಕೇಳಿ, ಹೆಚ್ಚಿನವರು ಇಲ್ಲೇ ಕುಂಬಳೆ, ಉಪ್ಪಳ, ಕಾಸರಗೋಡು ಪೇಟೆಯಲ್ಲೇ ಇದ್ದಾರೆ. ನಮಸ್ಕಾರ.