ದಿನಾ ಮಾಡುವ ಕೆಲಸ ಬಯೋಡೇಟಾದಲ್ಲಿ ಯಾಕಿಲ್ಲ?

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ಸೇಡಂ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಬಿ.ಕಾಂ. ಮುಗಿಸಿ 2 ವರ್ಷವಾಗಿತ್ತು. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಬೆಂಗಳೂರು, ಹೈದರಾಬಾದ್ ಅಂತ 40 ಕಡೆ ಅರ್ಜಿ ಹಾಕಿದ್ದಳು. ಒಂದು ಫೋನೂ ಬಂದಿರಲಿಲ್ಲ. "ಸರ, ನನಗ ಏನೂ ಬರೂದಿಲ್ಲೇನ್ರಿ?" ಅಂತ ಕೇಳಿದಳು. ಆ ಮಾತಿಗೆ ನನ್ನ ಹೊಟ್ಟೆ ಚುರ್ ಅಂದಿತು.

ಬಯೋಡೇಟಾ ತೆಗೆದು ನೋಡಿದೆ. 2 ಹಾಳೆ. ಮೇಲೆ ಫೋಟೊ. ಅದರ ಕೆಳಗೆ 'ಉದ್ದೇಶ' ಅಂತ 4 ಸಾಲು. ತಂದೆಯ ಹೆಸರು, ಮದುವೆಯಾಗಿದೆಯೋ ಇಲ್ಲವೋ, ಹವ್ಯಾಸ ಹಾಡು ಕೇಳುವುದು. ಕೊನೆಗೆ 'ಮೇಲಿನ ವಿವರವೆಲ್ಲ ಸತ್ಯ' ಎಂಬ ಘೋಷಣೆ, ಸಹಿ. ಕೆಲಸದ ಬಗ್ಗೆ ಇದ್ದದ್ದು ಒಂದೇ ಸಾಲು: ಅಕೌಂಟ್ಸ್ ಅಸಿಸ್ಟೆಂಟ್, ಟ್ಯಾಲಿ ಗೊತ್ತು. ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್.

ಈ ನಮೂನೆ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೈಲ್ ಇರುತ್ತದೆ. ಹೆಸರು, ಮಾರ್ಕ್ಸ್ ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. ಕೇಳಿದ್ದನ್ನು ಅವರು ಮಾಡಿಕೊಡುತ್ತಾರೆ. ಆದರೆ ನೀವು ಮಾಡಿದ ಕೆಲಸ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು?

ನಾನು ಆ ಹಾಳೆ ಪಕ್ಕಕ್ಕಿಟ್ಟು ಕೇಳಿದೆ: "ಮುಂಜಾನೆ ಮಿಲ್ಲಿಗೆ ಹೋಗಿ ಮೊದಲು ಏನು ಮಾಡ್ತೀಯವ್ವಾ?" ಆಗ ಅವಳು ಬಿಡದೆ ಹೇಳುತ್ತಾ ಹೋದಳು. ಜನವರಿ ಬಂತೆಂದರೆ ತೊಗರಿ ಸೀಸನ್. ಗೇಟಿನಲ್ಲಿ ಲಾರಿ, ಟಂಟಂ ಸಾಲು. ಒಂದೊಂದರ ತೂಕದ ಚೀಟಿ ನೋಡಿ ಟ್ಯಾಲಿಗೆ ಏರಿಸಬೇಕು. ದಿನಕ್ಕೆ 30, 35 ಬಿಲ್ಲು. ಸಂಜೆ ನಗದು ತಾಳೆ ಮಾಡಬೇಕು. ತಿಂಗಳ ಕೊನೆಗೆ ಗೋದಾಮಿನ ಚೀಲ ಎಣಿಸಿ ಪುಸ್ತಕದ ಲೆಕ್ಕಕ್ಕೆ ಹೊಂದಿಸಬೇಕು. ಒಮ್ಮೆ ಒಂದೇ ಚೀಟಿ 2 ಸಲ ಬಿಲ್ ಆಗಿದ್ದನ್ನು ಇವಳೇ ಹಿಡಿದಿದ್ದಳು. ಮಾಲೀಕರ ದುಡ್ಡು ಉಳಿದಿತ್ತು.

"ಇದನ್ನೆಲ್ಲ ಯಾಕೆ ಬರೆದಿಲ್ಲ?" ಅಂದೆ.

"ಅದು ದಿನಾ ಮಾಡೂ ಕೆಲಸ ಅದರೀ ಸರ. ಅದನ್ನೇನ್ ಬರೀಬೇಕು?"

ಅದನ್ನೇ ಬರೆಯಬೇಕು. ಕೆಲಸ ಕೊಡುವವರು ಹುಡುಕುವುದೇ ಅದನ್ನು. 'ಟ್ಯಾಲಿ ಗೊತ್ತು' ಅಂತ ಯಾರು ಬೇಕಾದರೂ ಬರೆಯಬಹುದು. 'ಸೀಸನ್ನಿನಲ್ಲಿ ದಿನಕ್ಕೆ 30ರಿಂದ 35 ಖರೀದಿ ಬಿಲ್ ದಾಖಲೆ, ತಿಂಗಳಿಗೊಮ್ಮೆ ಗೋದಾಮಿನ ದಾಸ್ತಾನು ಹೊಂದಾಣಿಕೆ, ಎರಡು ಸಲ ಆಗಿದ್ದ ಬಿಲ್ ಪತ್ತೆ' ಅಂತ ಮಾಡಿದವರು ಮಾತ್ರ ಬರೆಯಬಲ್ಲರು. ಸಂಖ್ಯೆ ಇದ್ದರೆ ಹಾಕಿ. ಇಲ್ಲದಿದ್ದರೆ ಸುಮ್ನೆ ಕಟ್ಟಿ ಹಾಕಬೇಡಿ. ಸಂದರ್ಶನದಲ್ಲಿ ಮೊದಲು ಕೇಳುವುದೇ ಅದನ್ನು.

ಕೆಲಸ ಮಾಡಿಯೇ ಇಲ್ಲ, ಈಗ ತಾನೇ ಡಿಗ್ರಿ ಮುಗಿದಿದೆ ಅನ್ನುವವರು ಕಾಲೇಜಿನ ಪ್ರಾಜೆಕ್ಟನ್ನೇ ಇದೇ ರೀತಿ ಬಿಡಿಸಿ ಬರೆಯಿರಿ. ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದಿತ್ತು ಅನ್ನುವುದು ಮುಖ್ಯ. ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ನೋಡಿಕೊಂಡಿದ್ದೀರಾ? ಅದೂ ಕೆಲಸವೇ.

ಇನ್ನೊಂದು ವಿಷಯ. ದೊಡ್ಡ ಕಂಪನಿಗಳಲ್ಲಿ ನೂರಾರು ಅರ್ಜಿ ಬರುತ್ತವೆ. ಎಷ್ಟೋ ಕಡೆ ಅವನ್ನು ಮೊದಲು ಒಂದು ಸಾಫ್ಟ್‌ವೇರ್ ಓದಿ ವಿಂಗಡಿಸುತ್ತದೆ. ಜಾಹೀರಾತಿನಲ್ಲಿ ಕೇಳಿದ ಪದಗಳು ನಿಮ್ಮ ಹಾಳೆಯಲ್ಲಿ ಇವೆಯಾ ಅಂತ ನೋಡುತ್ತದೆ. ಅವರು 'ಸ್ಟಾಕ್ ರಿಕನ್ಸಿಲಿಯೇಶನ್', ಅಂದರೆ ದಾಸ್ತಾನು ಹೊಂದಾಣಿಕೆ, ಅಂತ ಕೇಳಿದ್ದರೆ, ಆ ಕೆಲಸ ನೀವು ನಿಜವಾಗಿ ಮಾಡಿದ್ದರೆ, ಅದೇ ಪದ ಬಳಸಿ. ಅಂದರೆ ಒಂದೇ ಬಯೋಡೇಟಾವನ್ನು 40 ಕಡೆ ಕಳಿಸಿದರೆ ಸಾಲದು. ಪ್ರತಿ ಅರ್ಜಿಗೂ ಹತ್ತು ನಿಮಿಷ ಕೂತು ಮೇಲಿನ ನಾಲ್ಕೈದು ಸಾಲು ಬದಲಿಸಬೇಕು. ಬಣ್ಣದ ಡಬ್ಬಿ, ಎರಡು ಕಾಲಂ, ಟೇಬಲ್ ಇದ್ದರೆ ಕೆಲವು ಸಾಫ್ಟ್‌ವೇರ್‌ಗಳು ಅಕ್ಷರಗಳನ್ನು ಕಲಸಿಬಿಡುತ್ತವೆ. ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಪಿಡಿಎಫ್ ತೆರೆದು ಅದರಲ್ಲಿರುವುದನ್ನೆಲ್ಲ ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಸಾಲು ಹಿಂದುಮುಂದಾದರೆ, ಅಥವಾ ಅಕ್ಷರ ಬರದೇ ಹೋದರೆ, ಫೈಲನ್ನು ಸರಳ ಮಾಡಿ.

ಖಾಸಗಿ ಕಂಪನಿಗೆ ಕಳಿಸುವಾಗ 371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಯ, ಪ್ರಮಾಣಪತ್ರದ ಸಾಲು ಬೇಡ. ಅದು ರಾಜ್ಯ ಸರ್ಕಾರದ ನೇಮಕಾತಿಗೆ, ಕಾಲೇಜು ಸೀಟಿಗೆ ಬೇಕಾದದ್ದು. ಆಧಾರ್ ನಂಬರ್ ಅಂತೂ ಯಾವ ಕಾರಣಕ್ಕೂ ಹಾಕಬೇಡಿ. ಆ ಜಾಗದಲ್ಲಿ 'ಬೆಂಗಳೂರಿಗೆ ಬರಲು ಸಿದ್ಧ, 15 ದಿನದಲ್ಲಿ ಸೇರಬಲ್ಲೆ' ಅಂತ ಬರೆಯಿರಿ. ಯಾದಗಿರಿ, ಬೀದರ್ ಅಂತ ವಿಳಾಸ ನೋಡಿದ ಕೂಡಲೇ 'ಅಷ್ಟು ದೂರದಿಂದ ಬರ್ತಾರಾ' ಅನ್ನುವ ಅನುಮಾನ ಅಲ್ಲಿಯವರಿಗೆ ಬರುತ್ತದೆ. ಕೆಲಸ ಕೊಡಿಸಲು ಯಾರಾದರೂ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಾಂ, ಕಂಪನಿಗಳಿಂದ ನಿಮಗೆ ಫೋನ್ ಬರುತ್ತಿದೆ, ಆದರೆ ಸಂದರ್ಶನದ ನಂತರ ಸುದ್ದಿ ಇಲ್ಲ ಅಂದರೆ ಬಯೋಡೇಟಾ ತನ್ನ ಕೆಲಸ ಮಾಡಿದೆ. ಅದನ್ನು ಮತ್ತೆ ತಿದ್ದುತ್ತಾ ಕೂರಬೇಡಿ. ಸಂದರ್ಶನಕ್ಕೆ ತಯಾರಿ ಮಾಡಿ. 5 ವರ್ಷದ ಅನುಭವ ಕೇಳಿದ ಕಡೆಗೇ ಹೊಸಬರು ಅರ್ಜಿ ಹಾಕುತ್ತಿದ್ದರೆ ಹಾಳೆ ಎಷ್ಟು ಚೆನ್ನಾಗಿದ್ದರೂ ಫೋನ್ ಬರುವುದು ಕಷ್ಟ.

ಆ ಹುಡುಗಿಯ ಹೊಸ ಬಯೋಡೇಟಾ ಒಂದೇ ಹಾಳೆ ಆಯಿತು. ಅದನ್ನು 12 ಕಡೆ ಕಳಿಸಿದಳು. 3 ಕಡೆಯಿಂದ ಫೋನ್ ಬಂತು.

ನನ್ನದೇ ಒಂದು ಸಂಗತಿ ಇದೆ. ಕೆಲಸ ಹುಡುಕುವ ಕಾಲದಲ್ಲಿ ನಾನು ಸಿಮ್ ಬದಲಿಸಿದ್ದೆ. ಬಯೋಡೇಟಾದಲ್ಲಿ ಹಳೇ ನಂಬರೇ ಉಳಿದಿತ್ತು. ನನಗೆ ತುಂಬಾ ಬೇಕಾಗಿದ್ದ ಕೆಲಸ ಅದು. ಅವರು 2 ಸಲ ಫೋನ್ ಮಾಡಿದ್ದರಂತೆ. ನನಗೆ ತಿಳಿಯುವ ಹೊತ್ತಿಗೆ ಬೇರೆಯವರು ಸೇರಿಯಾಗಿತ್ತು. ಆ ನೋವು ಇವತ್ತಿಗೂ ಇದೆ. ಅದಕ್ಕೇ ಹೇಳುತ್ತಿದ್ದೇನೆ: ಈ ಕಾರ್ಯಕ್ರಮ ಮುಗಿದ ಕೂಡಲೇ ನಿಮ್ಮ ಬಯೋಡೇಟಾ ತೆಗೆಯಿರಿ. ಅದರಲ್ಲಿರುವ ನಂಬರಿಗೆ ಅವ್ವನ ಫೋನಿನಿಂದ ಒಂದು ಸಲ ರಿಂಗ್ ಕೊಟ್ಟು ನೋಡಿ.

ನಮಸ್ಕಾರ.