ಮೂಗು ಯಾರದು, ಕೈ ಯಾರದು: ವಿಂಕೆಲ್‌ಮನ್ ನೋಡಿದ ಬಗೆ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಮ್ಯೂಸಿಯಮ್ಮಿನಲ್ಲಿ ಶಿಲ್ಪದ ಕೆಳಗೆ ಒಂದು ಫಲಕ ಇರುತ್ತದೆ. ಯಾವ ಕಾಲದ್ದು, ಯಾವ ಶೈಲಿಯದ್ದು ಅಂತ. ನಾವು ಓದಿ ಮುಂದೆ ಹೋಗುತ್ತೇವೆ. ಆದರೆ ಕಲ್ಲಿನ ರೂಪ ನೋಡಿಯೇ ಕಾಲ ಗುರುತಿಸಬಹುದು ಎಂದು ಯುರೋಪಿಗೆ ತೋರಿಸಿಕೊಟ್ಟವರಲ್ಲಿ ಮೊದಲ ಸಾಲಿನವನು ಜರ್ಮನಿಯ ಯೋಹಾನ್ ಯೋವಾಕಿಮ್ ವಿಂಕೆಲ್‌ಮನ್. ಅವನಿಗಿಂತ ಇನ್ನೂರು ವರ್ಷ ಮೊದಲೇ ಇಟಲಿಯಲ್ಲಿ ವಸಾರಿ ಕಲಾವಿದರ ಜೀವನಚರಿತ್ರೆ ಬರೆದಿದ್ದ. ವಿಂಕೆಲ್‌ಮನ್ ಕಲೆಯದ್ದೇ ಚರಿತ್ರೆ ಬರೆಯಲು ಹೊರಟ. ಅದು ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ, ಸೊರಗಿದ್ದು ಯಾಕೆ ಅಂತ.

ಇವನು ಹುಟ್ಟಿದ್ದು 1717ರಲ್ಲಿ, ಪ್ರಶ್ಯದ ಸ್ಟೆಂಡಾಲ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ಮನೆಯಲ್ಲಿ ಕಡುಬಡತನ. ಕಣ್ಣು ಮಂಜಾಗಿದ್ದ ಶಾಲೆಯ ಮುಖ್ಯಸ್ಥರಿಗೆ ಪುಸ್ತಕ ಓದಿ ಹೇಳುತ್ತಾ ಹುಡುಗ ತಾನೂ ಕಲಿತ. ಹಾಲೆ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದ, ಯೆನಾದಲ್ಲಿ ಸ್ವಲ್ಪ ವೈದ್ಯ ಓದಿದ. ಆಮೇಲೆ ಸೇಹೌಸೆನ್‌ನಲ್ಲಿ ಐದು ವರ್ಷ ಮೇಷ್ಟರ ಕೆಲಸ. ಹಗಲಿಡೀ ಮಕ್ಕಳಿಗೆ ಪಾಠ, ರಾತ್ರಿ ಗ್ರೀಕ್ ಕವಿಗಳಾದ ಹೋಮರ್, ಸೊಫೊಕ್ಲಿಸ್. ನಿದ್ದೆ ಮಾಡಿದ್ದೇ ಕಡಿಮೆ. ಗ್ರೀಕ್ ಭಾಷೆಗೆ ಅಲ್ಲಿ ಅಷ್ಟೇನೂ ಬೆಲೆ ಇಲ್ಲದ ಕಾಲ ಅದು. ಕೇಳುವವರಿಲ್ಲದೆಯೂ ಓದಿದನಲ್ಲ, ಅದು ನನಗೆ ದೊಡ್ಡದು ಅನ್ನಿಸುತ್ತದೆ.

1748ರಲ್ಲಿ ಡ್ರೆಸ್ಡೆನ್ ಹತ್ತಿರದ ನೋತ್‌ನಿಟ್ಸ್‌ನಲ್ಲಿ ಕೌಂಟ್ ಬ್ಯುನಾವ್ ಅವರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. 1755ರಲ್ಲಿ ಗ್ರೀಕ್ ಕೃತಿಗಳ ಅನುಕರಣೆ ಕುರಿತು ಒಂದು ಪುಟ್ಟ ಪುಸ್ತಕ ಬರೆದ. ಮೊದಲು ಅಚ್ಚಾದದ್ದು ಬರೀ ಐವತ್ತು ಪ್ರತಿಯ ಆಸುಪಾಸು. ಗ್ರೀಕ್ ಕಲೆಯ ಜೀವಾಳ ‘ಉದಾತ್ತ ಸರಳತೆ, ಶಾಂತ ಹಿರಿಮೆ’ ಎಂದು ಅದರಲ್ಲಿ ಹೇಳಿದ. ಪುರಾಣದ ಟ್ರಾಯ್ ನಗರದ ಪುರೋಹಿತ ಲಾವೊಕೊನ್ ಹಾವುಗಳ ಹಿಡಿತಕ್ಕೆ ಸಿಕ್ಕಿದ ಶಿಲ್ಪವೇ ಅವನ ಉದಾಹರಣೆ. ಅಷ್ಟು ನೋವಿದ್ದರೂ ಆ ಮುಖ ಬಾಯಿ ಬಿಟ್ಟು ಅರಚುತ್ತಿಲ್ಲ, ನೋಡಿ ಎಂದ. ಯಾಕೆ ಅರಚುತ್ತಿಲ್ಲ ಎಂಬ ಪ್ರಶ್ನೆ ಹಿಡಿದೇ ಜರ್ಮನ್ ಲೇಖಕ ಲೆಸಿಂಗ್ 1766ರಲ್ಲಿ ಒಂದು ಇಡೀ ಪುಸ್ತಕ ಬರೆದ.

ತನ್ನ ಪುಸ್ತಕ ಬಂದ ವರ್ಷವೇ, 1755ರ ಕೊನೆಗೆ, ವಿಂಕೆಲ್‌ಮನ್ ರೋಮಿಗೆ ಬಂದ. ಅದಕ್ಕಾಗಿ ಕ್ಯಾಥೊಲಿಕ್ ಮತಕ್ಕೂ ಸೇರಿದ್ದ. ಮುಂದೆ ಪ್ರಾಚೀನ ಶಿಲ್ಪಗಳನ್ನು ಸಂಗ್ರಹಿಸುತ್ತಿದ್ದ ಹಿರಿಯ ಧರ್ಮಾಧಿಕಾರಿ ಕಾರ್ಡಿನಲ್ ಅಲ್ಬಾನಿಯ ಆಶ್ರಯ ಸಿಕ್ಕಿತು. 1763ರಲ್ಲಿ ರೋಮಿನ ಪ್ರಾಚೀನ ವಸ್ತುಗಳ ಉಸ್ತುವಾರಿಯೂ ಕೈಗೆ ಬಂತು.

ನನಗೆ ಮುಖ್ಯ ಅನ್ನಿಸುವುದು ಅಲ್ಲಿ ಅವನು ನೋಡಿದ ರೀತಿ. ನೆಲದಿಂದ ತೆಗೆದ ಶಿಲ್ಪಗಳಿಗೆ ಮೂಗು ಇರುತ್ತಿರಲಿಲ್ಲ, ತೋಳು ಇರುತ್ತಿರಲಿಲ್ಲ. ಕುಶಲಕರ್ಮಿಗಳು ಹೊಸದು ಕೆತ್ತಿ ಅಂಟಿಸುತ್ತಿದ್ದರು. ಕೈಯಲ್ಲಿ ಒಂದು ಹಣ್ಣನ್ನೋ ಕೊಳಲನ್ನೋ ಇಟ್ಟರೆ ಮೂರ್ತಿಯ ಹೆಸರೇ ಬದಲಾಗುತ್ತಿತ್ತು. ಎಷ್ಟೋ ವಿದ್ವಾಂಸರು ಅಚ್ಚಿನ ಚಿತ್ರ ಮಾತ್ರ ನೋಡಿ, ಹೀಗೆ ಅಂಟಿಸಿದ ಭಾಗದ ಮೇಲೆಯೇ ವಾದ ಕಟ್ಟುತ್ತಿದ್ದರು. ವಿಂಕೆಲ್‌ಮನ್ ಇದನ್ನು ಕಟುವಾಗಿ ಟೀಕಿಸಿದ. ಯಾವುದು ಹಳೆಯದು, ಯಾವುದು ಆಮೇಲೆ ಸೇರಿಸಿದ್ದು ಅಂತ ಮೂರ್ತಿಯ ಮುಂದೆ ನಿಂತೇ ನೋಡಬೇಕು ಎಂದ.

ಹಾಗೆ ನೋಡಿ ಬರೆದ ‘ಪ್ರಾಚೀನ ಕಲೆಯ ಇತಿಹಾಸ’ 1764ರಲ್ಲಿ ಬಂತು. ಗ್ರೀಕ್ ಕಲೆಗೆ ಅದರಲ್ಲಿ ನಾಲ್ಕು ಹಂತ: ಹಳೆಯ ಗಡಸು ಶೈಲಿ, ಭವ್ಯ ಶೈಲಿ, ಸುಂದರ ಶೈಲಿ, ಕೊನೆಗೆ ಅನುಕರಣೆಯ ಕಾಲ. ಹವಾಮಾನ, ರಾಜಕೀಯ ಸ್ವಾತಂತ್ರ್ಯ ಇವೆಲ್ಲ ಕಲೆಯನ್ನು ರೂಪಿಸುತ್ತವೆ ಎಂದೂ ವಾದಿಸಿದ. ಸ್ವಾತಂತ್ರ್ಯ ಇದ್ದ ಕಡೆ ಕಲೆ ಅರಳಿತು ಎಂಬ ಮಾತನ್ನು ಆಗಿನ ಓದುಗರು ಬಹಳ ಇಷ್ಟಪಟ್ಟರು.

ತಪ್ಪುಗಳೂ ಇವೆ. ಅವನು ಗ್ರೀಸಿಗೆ ಹೋಗಲೇ ಇಲ್ಲ. ಗ್ರೀಕ್ ಎಂದು ಮೆಚ್ಚಿದ ಎಷ್ಟೋ ಶಿಲ್ಪಗಳು ರೋಮನ್ ಕಾಲದ ನಕಲುಗಳು. ಜುಪಿಟರ್ ಮತ್ತು ಗ್ಯಾನಿಮೀಡ್ ಎಂಬ ನಕಲಿ ಭಿತ್ತಿಚಿತ್ರವನ್ನು ಅಸಲಿ ಎಂದು ನಂಬಿ ಹೊಗಳಿದ. ಅದು ಅವನ ಸ್ನೇಹಿತ, ಚಿತ್ರಕಾರ ಮೆಂಗ್ಸ್‌ನದೇ ಕೈಚಳಕ ಅಂತಾರೆ.

1768ರಲ್ಲಿ ಜರ್ಮನಿಗೆ ಹೊರಟವನು ಅರ್ಧ ದಾರಿಯಲ್ಲಿ ಮನಸ್ಸು ಕೆಟ್ಟು ತಿರುಗಿದ. ವಿಯೆನ್ನಾದಲ್ಲಿ ಮಹಾರಾಣಿ ಮರಿಯಾ ತೆರೇಸಾ ಪದಕಗಳನ್ನು ಕೊಟ್ಟಳು. ಜೂನ್ 8ರಂದು ಟ್ರಿಯೆಸ್ಟ್‌ನ ಒಂದು ವಸತಿಗೃಹದಲ್ಲಿ, ಪಕ್ಕದ ಕೋಣೆಯ ಅರ್ಕಾಂಜೆಲಿ ಎಂಬುವನು ಅವನನ್ನು ಇರಿದು ಕೊಂದ. ಆಗ ವಿಂಕೆಲ್‌ಮನ್‌ಗೆ ಐವತ್ತೇ ವರ್ಷ.

ಲಾವೊಕೊನ್ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ವಿಂಕೆಲ್‌ಮನ್ ನೋಡಿದಾಗ ಅದರ ಬಲಗೈ ಮೇಲಕ್ಕೆ ಚಾಚಿಕೊಂಡಿತ್ತು. ಅದು ಆಮೇಲೆ ಸೇರಿಸಿದ ಕೈ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲುಡ್ವಿಗ್ ಪೊಲಾಕ್ ಎಂಬ ವಿದ್ವಾಂಸ ರೋಮಿನಲ್ಲಿ ಒಂದು ಅಮೃತಶಿಲೆಯ ತೋಳು ಕಂಡ. ಅದು ಹಿಂದಕ್ಕೆ ಮಡಚಿಕೊಂಡಿತ್ತು. ಲಾವೊಕೊನ್‌ನದೇ ಇರಬೇಕು ಎಂದು ಗುರುತಿಸಿದ. ಇವತ್ತು ವ್ಯಾಟಿಕನ್ನಿನಲ್ಲಿರುವ ಲಾವೊಕೊನ್‌ಗೆ ಆ ಮಡಚಿದ ತೋಳೇ ಇದೆ.